ಗಾಲಿಯ ಕಪ್ಪು ಧೂಳಿಗೆ ಗಾಳಿ ಹೊಡೆಯಬೇಡಿ

ಕಾರನ್ನು ಎಷ್ಟೇ ಚೆನ್ನಾಗಿ ತೊಳೆದರೂ ಮುಂದಿನ ಎರಡು ಗಾಲಿಗಳು ವಾರದೊಳಗೆ ಮತ್ತೆ ಕಪ್ಪಾಗುವುದನ್ನು ನೀವು ಗಮನಿಸಿರಬಹುದು. ಅದು ರಸ್ತೆಯ ಕೆಸರಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡು ಬೀಡುಕಬ್ಬಿಣದ ಡಿಸ್ಕನ್ನು ಬಿಗಿಯಾಗಿ ಹಿಡಿಯುತ್ತದೆ. ಆ ಉಜ್ಜಾಟದಲ್ಲಿ ಎರಡೂ ಸವೆಯುತ್ತವೆ. ಸವೆದ ಪುಡಿ ಬಿಸಿಬಿಸಿಯಾಗಿಯೇ ಹಾರಿ ಗಾಲಿಗೆ ಅಂಟುತ್ತದೆ. ವಾಹನ ನಿಲ್ಲಿಸುವ ಕೆಲಸದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕುಗಳದು, ಆದ್ದರಿಂದ ಮಸಿಯೂ ಮುಂದೆಯೇ ಹೆಚ್ಚು. ಅದರಲ್ಲಿನ ಕಬ್ಬಿಣದ ಕಣಗಳು ತೇವಕ್ಕೆ ತುಕ್ಕು ಹಿಡಿದವೆಂದರೆ ಬರಿಯ ನೀರಿಗೆ ಜಗ್ಗುವುದಿಲ್ಲ. ವೈದ್ಯರಿಗೆ ಇಲ್ಲೇನು ಕೆಲಸ ಎಂದು ನೀವು ಕೇಳಬಹುದು. ಈ ಮಸಿಯನ್ನು ತೆಗೆಯಲು ನಮ್ಮ ಜನ ಅನುಸರಿಸುವ ಕ್ರಮಗಳೇ ಕೆಲವೊಮ್ಮೆ ಅವರನ್ನು ನಮ್ಮ ಬಳಿಗೆ ಕರೆತರುತ್ತವೆ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಸಣ್ಣ ಊರುಗಳ ಗ್ಯಾರೇಜುಗಳವರೆಗೆ ಒಂದು ದೃಶ್ಯ ಸಾಮಾನ್ಯ. ಹಿಂದಿನ ಗಾಲಿ ಬಿಚ್ಚಿ, ಡ್ರಮ್ ತೆಗೆದು, ಹುಡುಗ ಕಂಪ್ರೆಸರ್ ಪೈಪು ಹಿಡಿದು ಗಾಳಿ ಹೊಡೆಯುತ್ತಾನೆ. ಕಪ್ಪು ಹೊಗೆಯಂತೆ ಧೂಳೇಳುತ್ತದೆ. ಡ್ರಮ್ ಎಂಬುದು ಮುಚ್ಚಿದ ಡಬ್ಬಿ ಇದ್ದಂತೆ. ಸಾವಿರಾರು ಕಿಲೋಮೀಟರುಗಳ ಪುಡಿ ಅದರೊಳಗೇ ಉಳಿದಿರುತ್ತದೆ. ಅಷ್ಟೂ ಒಂದೇ ಕ್ಷಣದಲ್ಲಿ ಆ ಹುಡುಗನ ಮುಖಕ್ಕೆ ಬರುತ್ತದೆ. ದೊಡ್ಡ ಕಣಗಳನ್ನು ಮೂಗು ತಡೆಯುತ್ತದೆ. ಆದರೆ ಈ ಪುಡಿಯಲ್ಲಿ 10 ಮೈಕ್ರಾನಿಗಿಂತ ಸಣ್ಣ ಕಣಗಳು ಬಹಳ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್! ಇಷ್ಟು ನುಣುಪಾದ ಧೂಳು ಶ್ವಾಸಕೋಶದ ಆಳಕ್ಕಿಳಿಯಬಲ್ಲದು. ಕಬ್ಬಿಣ, ತಾಮ್ರ, ಆಂಟಿಮನಿ, ಸುಟ್ಟ ರಾಳ ಎಲ್ಲವೂ ಇದರಲ್ಲಿರಬಹುದು. ಉಬ್ಬಸವಿರುವವರಿಗೆ ಒಂದು ಉಸಿರೇ ಸಾಕು, ಕೆಮ್ಮು ಹಿಡಿದುಕೊಳ್ಳುತ್ತದೆ.

ಇನ್ನು ಕಲ್ನಾರಿನ ವಿಷಯ. ಚಾವಣಿಯ ಶೀಟುಗಳಿಂದ ನಮಗೆಲ್ಲ ಪರಿಚಿತವಾದ ಆಸ್ಬೆಸ್ಟಾಸ್ ಇದೇ. ಬಿಸಿ ತಾಳುತ್ತದೆ, ಅಗ್ಗವೂ ಹೌದು ಎಂದು ದಶಕಗಳ ಕಾಲ ಇದನ್ನು ಬ್ರೇಕ್ ಲೈನಿಂಗಿಗೆ ಬಳಸಿದರು. ಇದರ ನಾರುಗಳು ಶ್ವಾಸಕೋಶದಲ್ಲಿ ಉಳಿದು ಕ್ಯಾನ್ಸರಿಗೂ, ಶ್ವಾಸಕೋಶದ ಪೊರೆಯ ಗಡ್ಡೆಗೂ ಕಾರಣವಾಗುತ್ತವೆ. ರೋಗ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಹಿಡಿಯಬಹುದು. ಯುರೋಪಿನ ಒಕ್ಕೂಟ 2005ರಲ್ಲಿ ಕಲ್ನಾರನ್ನು ನಿಷೇಧಿಸಿತು. ನಮ್ಮಲ್ಲಿ ಸಂಪೂರ್ಣ ನಿಷೇಧವಿಲ್ಲ. ಹೊಸ ಕಾರುಗಳ ಬಿಡಿಭಾಗಗಳಲ್ಲಿ ಇದನ್ನು ಬಹುಮಟ್ಟಿಗೆ ಕೈಬಿಡಲಾಗಿದೆಯಾದರೂ, ಹಳೆಯ ಗಾಡಿಯ ಡ್ರಮ್ಮಿನಲ್ಲೋ ಅಗ್ಗದ ಲೈನಿಂಗಿನಲ್ಲೋ ಇದು ಇದೆಯೇ ಇಲ್ಲವೇ ಎಂದು ಕಣ್ಣಿಂದ ನೋಡಿ ಹೇಳಲಾಗದು.

ಹಾಗೆಂದು ಅನಗತ್ಯವಾಗಿ ಭಯಪಡಬೇಡಿ. ಬ್ರೇಕಿನ ಬಿಸಿಗೆ ಕಲ್ನಾರಿನ ಬಹುಪಾಲು ತನ್ನ ನಾರಿನ ರೂಪವನ್ನೇ ಕಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಮನೆ ಮುಂದೆ ಗಾಲಿ ತೊಳೆಯುವವರಿಗೆ ಅಪಾಯ ಬಹಳ ಕಡಿಮೆ. ನನ್ನ ಚಿಂತೆ ದಿನವೂ ಡ್ರಮ್ ಬಿಚ್ಚುವವರ, ಹೊಸ ಲೈನಿಂಗನ್ನು ಅಳತೆಗೆ ಉಜ್ಜಿ ಕೂರಿಸುವವರ ಬಗ್ಗೆ. ಕಲ್ನಾರು ಕಾರ್ಖಾನೆಯ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. ಬೀದಿಬದಿಯ ಗ್ಯಾರೇಜಿನ ಹುಡುಗನಿಗೆ ಯಾವ ದಾಖಲೆ?

ಆದುದರಿಂದ ಗ್ಯಾರೇಜಿಗೆ ಹೋದಾಗ, 'ಗಾಳಿ ಹೊಡೆಯಬೇಡಪ್ಪ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸು' ಎಂದು ಹೇಳಿ. ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಮುಖಕ್ಕೆ ಕಟ್ಟುವ ಕರವಸ್ತ್ರ ಈ ಧೂಳನ್ನು ತಡೆಯದು. ಕೊರೋನಾ ಕಾಲದಲ್ಲಿ ಎಲ್ಲರಿಗೂ ಪರಿಚಯವಾದ ಎನ್-95 ಮುಖಗವಸು ಮೇಲು.

ಎರಡನೆಯ ಅಪಾಯ ಆಸಿಡ್ಡಿನದು. ವಾಟರ್ ಸರ್ವಿಸ್ ಅಂಗಡಿಯ ಯುವಕನೊಬ್ಬ ಒಂದು ರಾತ್ರಿ ನನ್ನ ಕ್ಲಿನಿಕ್ಕಿಗೆ ಬಂದಿದ್ದ. ಬೆರಳ ತುದಿಗಳಲ್ಲಿ ತಾಳಲಾರದ ನೋವು. ಚರ್ಮ ಮಾತ್ರ ತುಸು ಕೆಂಪಾಗಿತ್ತು, ಬೊಬ್ಬೆಯೂ ಇರಲಿಲ್ಲ. "ಬೆಳಿಗ್ಗೆ ಅಲಾಯ್ ವೀಲ್ ತೊಳೆದೆ ಸಾರ್, ಆಗ ಏನೂ ಉರಿಯಲಿಲ್ಲ" ಎಂದ. ಹೈಡ್ರೋಫ್ಲೋರಿಕ್ ಆಮ್ಲದ ಲಕ್ಷಣವೇ ಇದು. ಗಾಲಿ ಬೆಳ್ಳಗಾಗಿಸುವ ಕೆಲವು ದ್ರಾವಣಗಳಲ್ಲಿ ಇದೋ, ಇದರ ಸಂಬಂಧಿಯಾದ ಅಮೋನಿಯಂ ಬೈಫ್ಲೋರೈಡೋ ಇರುತ್ತದೆ. ನೀರು ಬೆರೆಸಿದ್ದಾದರೆ ನೋವು ಹಲವು ಗಂಟೆ ತಡವಾಗಿ ಬರುತ್ತದೆ. ಅಷ್ಟರಲ್ಲಿ ಅದು ಚರ್ಮದೊಳಗಿಳಿದು ಅಂಗಾಂಶದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳಲು ತೊಡಗಿರುತ್ತದೆ. ಹೆಚ್ಚು ತಗುಲಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯದ ಬಡಿತವೇ ತಪ್ಪಬಹುದು. ಕೂಡಲೇ ಉಂಗುರ ಬಿಚ್ಚಿ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ಸೀಸೆಯ ಸಮೇತ ಆಸ್ಪತ್ರೆಗೆ ಹೋಗಿ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಇದಕ್ಕೆ ಮದ್ದು. ಅರಿಸಿನ, ಟೂತ್‌ಪೇಸ್ಟ್ ಹಚ್ಚುತ್ತ ಕೂರಬೇಡಿ. ಹೆಸರಿಲ್ಲದ ಸೀಸೆಯಲ್ಲಿ ಅಳೆದು ಕೊಡುವ ದ್ರಾವಣವನ್ನಂತೂ ಕೊಳ್ಳಲೇಬೇಡಿ. ಪಾಯಿಖಾನೆ ತೊಳೆಯುವ ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಬೆರೆಸುವವರೂ ಇದ್ದಾರೆ. ಅದರಿಂದ ಹೊರಡುವುದು ಕ್ಲೋರಿನ್ ಅನಿಲ. ಸೀಮೆಎಣ್ಣೆ, ಪೆಟ್ರೋಲು ಚರ್ಮದ ಜಿಡ್ಡನ್ನೂ ಕಿತ್ತು ಕೈ ಬಿರಿಯುವಂತೆ ಮಾಡುತ್ತವೆ. ಬಿಸಿ ಗಾಲಿಯ ಹತ್ತಿರ ಬೆಂಕಿಯ ಭಯ ಬೇರೆ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟೆ: ಗಾಲಿ ಪೂರ್ಣ ಆರಿದ ಮೇಲೆ ಕೈಗೆ ರಬ್ಬರ್ ಗವಸು ತೊಟ್ಟು, ಮೊದಲು ಮೆಲ್ಲಗೆ ನೀರು ಹರಿಸಿ. ಒಣ ಬ್ರಷ್ಷಿನಿಂದ ಕೆರೆಯಬೇಡಿ. ಕಾರು ತೊಳೆಯುವ ಶಾಂಪೂ ಹಚ್ಚಿ, ಅದು ಒಣಗುವ ಮುನ್ನ ಮೆತ್ತನೆಯ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೊಮ್ಮೆ ಮಾಡಿ. ಎರಡು ವಾರಕ್ಕೊಮ್ಮೆ ತೊಳೆಯುವ ರೂಢಿಯಿದ್ದರೆ ಆಸಿಡ್ಡಿನ ಮಾತೇ ಬರುವುದಿಲ್ಲ. ಆ ಬಟ್ಟೆ ಗಾಲಿಗೇ ಮೀಸಲಾಗಿರಲಿ.

ಗ್ಯಾರೇಜಿನಲ್ಲಿ ದುಡಿಯುವವರು ಕೆಲಸದ ಬಟ್ಟೆಯನ್ನು ಮನೆಗೆ ಒಯ್ದು ಕೊಡವಬಾರದು. ಕಲ್ನಾರು ಕಾರ್ಮಿಕರ ಬಟ್ಟೆ ಒಗೆಯುತ್ತಿದ್ದ ಹೆಂಡತಿಯರಿಗೂ ಕಾಯಿಲೆ ಬಂದ ಉದಾಹರಣೆಗಳಿವೆ. ಬೀಡಿ, ಸಿಗರೇಟಿನ ಚಟವಿದ್ದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ. ಮೂರು ವಾರ ಮೀರಿದ ಕೆಮ್ಮೋ ಏದುಸಿರೋ ಇದ್ದು ವೈದ್ಯರ ಬಳಿ ಹೋದರೆ, ಎಷ್ಟು ವರ್ಷ ಬ್ರೇಕ್ ಕೆಲಸ ಮಾಡಿದ್ದೀರಿ ಎಂಬುದನ್ನು ಅವರು ಕೇಳದಿದ್ದರೂ ನೀವಾಗಿಯೇ ಹೇಳಿ.