ಪ್ರಯೋಗದ ಮೊದಲ ದಿನವೇ ಬೇಕಾದ ಸಂಖ್ಯಾಶಾಸ್ತ್ರಜ್ಞ

ಕೃಷಿ ಸಂಶೋಧನೆ ಎಂದಾಗ ತಳಿತಜ್ಞರು, ಮಣ್ಣು ವಿಜ್ಞಾನಿಗಳು, ಕೀಟತಜ್ಞರು ನೆನಪಾಗುತ್ತಾರೆ. ಸಂಖ್ಯಾಶಾಸ್ತ್ರಜ್ಞರೆಂದರೆ ಎಲ್ಲ ಮುಗಿದ ಮೇಲೆ ಲೆಕ್ಕ ಹಾಕಿಕೊಡುವವರು ಎಂಬ ಭಾವನೆ ಇದೆ. ಕೊಡಗಿನ ಮಟ್ಟಿಗೆ ಈ ಭಾವನೆ ತುಂಬ ದುಬಾರಿ. ಚೆಟ್ಟಳ್ಳಿಯಲ್ಲಿ ಕಾಫಿ ಮತ್ತು ಕಿತ್ತಳೆಯ ಮೇಲೆ, ಅಪ್ಪಂಗಳದಲ್ಲಿ ಏಲಕ್ಕಿಯ ಮೇಲೆ ಸಂಶೋಧನೆ ನಡೆಯುತ್ತದೆ. ಇವೆಲ್ಲ ಬಹುವಾರ್ಷಿಕ ಬೆಳೆಗಳು. ಭತ್ತದ ಪ್ರಯೋಗ ಕೆಟ್ಟರೆ ಮುಂದಿನ ಹಂಗಾಮಿಗೆ ಮತ್ತೆ ಹೂಡಬಹುದು. ಕಾಫಿ ಪ್ರಯೋಗ ಕೆಟ್ಟರೆ ಹಲವು ವರ್ಷಗಳ ದುಡಿಮೆಯೇ ನಷ್ಟ.

ಇಲ್ಲಿನ ತೋಟಗಳ ಸ್ವಭಾವವೂ ಸರಳವಲ್ಲ. ಒಂದೇ ತೋಟದಲ್ಲಿ ಇಳಿಜಾರು, ಮಣ್ಣು, ಮರಗಳ ನೆರಳು ಬದಲಾಗುತ್ತವೆ. ಫೆಬ್ರವರಿ–ಮಾರ್ಚ್‌ನ ಹೂಮಳೆ ಒಂದು ಊರಿಗೆ ಬಿದ್ದು ಪಕ್ಕದೂರಿಗೆ ತಪ್ಪುವುದುಂಟು. ಒಂದು ವರ್ಷ ತುಂಬ ಕಾಯಿ ಬಿಟ್ಟ ಗಿಡ ಮರುವರ್ಷ ಸೊರಗುತ್ತದೆ. ಹೀಗಿರುವಾಗ ಹೊಸ ಗೊಬ್ಬರ ಹಾಕಿದ ತಾಕಿನಲ್ಲಿ ಫಸಲು ಹೆಚ್ಚಿದರೆ ಅದು ಗೊಬ್ಬರದ ಗುಣವೇ, ನೆರಳಿನ ವ್ಯತ್ಯಾಸವೇ, ಗಿಡದ ಸರದಿಯೇ? ಇದಕ್ಕೆ ಉತ್ತರ ಸಿಗಬೇಕಾದರೆ ಗೊಬ್ಬರ ಹಾಕುವ ಮೊದಲೇ ಯೋಜನೆ ಇರಬೇಕು. ಒಂದೇ ಬಗೆಯ ತಾಕುಗಳನ್ನು ಗುಂಪು ಮಾಡಬೇಕು. ಯಾವುದಕ್ಕೆ ಯಾವ ಗೊಬ್ಬರ ಎಂಬುದನ್ನು ಚೀಟಿ ಎತ್ತಿದಂತೆ ಆಯ್ದುಕೊಳ್ಳಬೇಕು. ಅದನ್ನು ಹಲವು ಗುಂಪುಗಳಲ್ಲಿ ಪುನರಾವರ್ತಿಸಬೇಕು. ಹಿಂದಿನ ವರ್ಷಗಳ ಇಳುವರಿಯನ್ನೂ ಗಣನೆಗೆ ತರಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿದ್ದ ಆರ್.ಎ. ಫಿಶರ್ ಈ ವಿಧಾನವನ್ನು ವಿವರಿಸಿದ ಮೊದಲ ಪುಸ್ತಕ 1925ರಲ್ಲಿ ಬಂತು. ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದೂ ಅದೇ ವರ್ಷ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿ ಹೋಗುವುದು ಮರಣೋತ್ತರ ಪರೀಕ್ಷೆಗೆ ಕಳಿಸಿದಂತೆ ಎಂದು ಫಿಶರ್ 1938ರಲ್ಲಿ ಕಲ್ಕತ್ತೆಯಲ್ಲೇ ಎಚ್ಚರಿಸಿದ್ದರು.

ತಲೆಮಾರುಗಳ ಅನುಭವವಿರುವ ಬೆಳೆಗಾರರಿಗೆ ಈ ಲೆಕ್ಕವೇಕೆ ಎಂದು ಕೇಳಬಹುದು. ಅನುಭವ ಅಮೂಲ್ಯ, ಏನನ್ನು ಪರೀಕ್ಷಿಸಬೇಕೆಂದು ಹೇಳುವುದೇ ಅದು. ಆದರೆ ಒಂದು ತೋಟದಲ್ಲಿ ಫಲಿಸಿದ್ದು ಇನ್ನೊಂದರಲ್ಲೂ ಫಲಿಸುತ್ತದೆಯೇ ಎಂಬುದನ್ನು ಹಲವು ಕಡೆಯ ಹೋಲಿಕೆ ಮಾತ್ರ ತೋರಿಸಬಲ್ಲದು. ಸರಾಸರಿ ನನ್ನ ತೋಟಕ್ಕೆ ಹೊಂದುವುದಿಲ್ಲ ಎಂಬ ಆಕ್ಷೇಪವೂ ನ್ಯಾಯವೇ. ಅದಕ್ಕೇ ಒಳ್ಳೆಯ ಸಂಖ್ಯಾಶಾಸ್ತ್ರಜ್ಞ ಸರಾಸರಿಯ ಜೊತೆಗೆ ಏರಿಳಿತವೆಷ್ಟು ಎಂಬುದನ್ನೂ ಹೇಳುತ್ತಾನೆ. ಇನ್ನು ಕಂಪ್ಯೂಟರ್ ಕ್ಷಣದಲ್ಲಿ ಲೆಕ್ಕ ಮುಗಿಸುತ್ತದೆ, ನಿಜ. ತಪ್ಪಾಗಿ ಸಂಗ್ರಹಿಸಿದ ಅಂಕಿಗಳಿಗೂ ಅದು ಅಷ್ಟೇ ಬೇಗ ಉತ್ತರ ಕೊಡುತ್ತದೆ.

ಈ ವೃತ್ತಿಗೆ ದಾರಿಗಳಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ (ಜಿಕೆವಿಕೆ) ದೆಹಲಿಯ ಭಾರತೀಯ ಕೃಷಿ ಸಂಖ್ಯಾಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲೂ ಕೃಷಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಕಲಿಕೆಯಿದೆ. ಕೃಷಿ ಸಂಶೋಧನಾ ಸೇವೆಯ ಪರೀಕ್ಷೆಯ ಮೂಲಕ ವಿಜ್ಞಾನಿಯಾಗಬಹುದು. ಜಗತ್ತೇ ಗೌರವಿಸಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಗಣಿತದಲ್ಲಿ ಆಸಕ್ತಿಯಿದ್ದು ತೋಟದ ಕಷ್ಟಸುಖ ಬಲ್ಲ ಕೊಡಗಿನ ವಿದ್ಯಾರ್ಥಿಗಳು ಈ ದಾರಿ ಹಿಡಿಯಲಿ. ಸಂಶೋಧನಾ ಕೇಂದ್ರಗಳೂ ಅವರನ್ನು ಪ್ರಯೋಗದ ಮೊದಲ ದಿನವೇ ಕರೆದು ಕೂರಿಸಿಕೊಳ್ಳಲಿ.