ದೊಡ್ಡ ಊರೋ, ಚಿಕ್ಕ ಊರೋ?

'ಕೆಟ್ಟು ಪಟ್ಟಣ ಸೇರು' ಎಂಬುದು ಹಿರಿಯರ ಗಾದೆ. ಈಗ ಕೆಡುವವರೆಗೆ ಕಾಯುವವರಾರೂ ಇಲ್ಲ. ಪರೀಕ್ಷೆ ಮುಗಿದ ಮರುದಿನವೇ ಬೆಂಗಳೂರಿನ ಬಸ್ಸು ಹತ್ತುತ್ತೇವೆ. ಪದವಿ ಪಡೆದವನೊಬ್ಬ ಶಿಕಾರಿಪುರದಲ್ಲೋ ಸೊರಬದಲ್ಲೋ ನೆಲೆಸುವೆನೆಂದರೆ ಕೇಳಿದವರು ಮರುಕಪಡುತ್ತಾರೆ. ನನ್ನಂತೆ ಮನೆತನದಲ್ಲಿ ಮೊದಲು ಕಾಲೇಜು ಕಂಡವರಿಗಂತೂ ಇದು ಇನ್ನೂ ಕಠಿನವಾದ ಪ್ರಶ್ನೆ. 'ಇಲ್ಲೇ ಇರುವುದಾದರೆ ಇಷ್ಟು ಓದಿದ್ದೇಕೆ?' ಎಂದು ಮನೆಯವರು ಕೇಳಿದರೆ ತಪ್ಪೆನ್ನಲಾಗದು. ಓದಿಸಲು ಅವರು ಪಟ್ಟ ಪಾಡು ಆ ಮಾತಿನ ಹಿಂದಿದೆ. ಆದುದರಿಂದ ವಿಷಯವನ್ನು ಸಮಾಧಾನದಿಂದ ವಿಚಾರಿಸುವುದು ಒಳ್ಳೆಯದು.

ಮೊದಲನೆಯದಾಗಿ, ಕಲಿಯುವ ಊರು ಬೇರೆ, ಬಾಳುವ ಊರು ಬೇರೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವೇ ಇದಕ್ಕೆ ಸಾಕ್ಷಿ. ಮಯೂರಶರ್ಮನು ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಪಲ್ಲವರ ಕಂಚಿಯ ಘಟಿಕಾಸ್ಥಾನಕ್ಕೆ ಹೋದನೆಂದು ಅದು ತಿಳಿಸುತ್ತದೆ. ಅಲ್ಲಿ ಅವಮಾನಗೊಂಡು ಹೊರಟವನು 4ನೆಯ ಶತಮಾನದಲ್ಲಿ ಕದಂಬ ರಾಜ್ಯವನ್ನು ಕಟ್ಟಿದನು. ಅದರ ರಾಜಧಾನಿ ಕಂಚಿಯ ಕಡೆಯದಲ್ಲ, ಸೊರಬಕ್ಕೆ ಸಮೀಪದ ಬನವಾಸಿ.

ಇತ್ತೀಚಿನ ಉದಾಹರಣೆಯೂ ಉಂಟು. ಮಂಡ್ಯ ಜಿಲ್ಲೆಯ ಬೂಕನಕೆರೆಯ ಬಿ. ಎಸ್. ಯಡಿಯೂರಪ್ಪನವರು 1965ರಲ್ಲಿ ಸರ್ಕಾರಿ ಗುಮಾಸ್ತೆಯ ಕೆಲಸ ಬಿಟ್ಟು ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾದರು. 1983ರಲ್ಲಿ ಅದೇ ಕ್ಷೇತ್ರದಿಂದ ಶಾಸಕರಾದರು; 2007ರಲ್ಲಿ ಮುಖ್ಯಮಂತ್ರಿಗಳಾದರು. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಚಿಕ್ಕ ಊರು ಮುಂದಿನ ದಾರಿಯನ್ನು ಮುಚ್ಚಲೇಬೇಕೆಂದಿಲ್ಲ ಎಂಬುದಷ್ಟೇ ಇಲ್ಲಿಯ ಪಾಠ.

ಆದರೆ ಒಬ್ಬರ ಭಾಗ್ಯ ಎಲ್ಲರ ಲೆಕ್ಕವಾಗದು. 2001ರ ಜನಗಣತಿಯಲ್ಲಿ ಶಿವಮೊಗ್ಗದಲ್ಲಿ ಸುಮಾರು 2 ಲಕ್ಷ 74 ಸಾವಿರ ಜನರಿದ್ದರೆ, ಶಿಕಾರಿಪುರದಲ್ಲಿ ಸುಮಾರು 31 ಸಾವಿರ, ಸೊರಬದಲ್ಲಿ ಸುಮಾರು 7 ಸಾವಿರ ಮಾತ್ರ. ಜನ ಕಡಿಮೆಯಾದಷ್ಟೂ ಉದ್ಯೋಗದ ಬಗೆಗಳೂ ಕಡಿಮೆ. ಬಿ.ಎ. ಆದವನಿಗೆ ಅಲ್ಲಿರುವುದು ಶಾಲೆ, ಬ್ಯಾಂಕು, ತಾಲ್ಲೂಕು ಕಚೇರಿ, ಸಹಕಾರ ಸಂಘ, ಇಲ್ಲವೆ ಸ್ವಂತ ಅಂಗಡಿ. ಬೆಂಗಳೂರಿನಲ್ಲಿ ಕೆಲಸ ಹೋದರೆ ಪಕ್ಕದ ಬೀದಿಯಲ್ಲಿ ಇನ್ನೊಂದನ್ನು ಹುಡುಕಬಹುದು. ಸೊರಬದಲ್ಲಿ ಹೋದರೆ ಊರನ್ನೇ ಬಿಡಬೇಕಾದೀತು. ಕಠಿನವಾದ ಕಾಯಿಲೆ ಬಂದರೆ ಶಿಕಾರಿಪುರದಿಂದ ಐವತ್ತು ಕಿಲೋಮೀಟರಿಗೂ ಮೇಲ್ಪಟ್ಟು ದೂರದ ಶಿವಮೊಗ್ಗಕ್ಕೆ ಧಾವಿಸಬೇಕು.

ಇನ್ನೊಂದು ತಟ್ಟೆಯೂ ಬರಿದಲ್ಲ. ಬಾಡಿಗೆ ಕಡಿಮೆ, ಕೆಲಸಕ್ಕೆ ನಡೆದೇ ಹೋಗಬಹುದು, ಗದ್ದೆಯ ಅಕ್ಕಿ ಮನೆಗೆ ಬರುತ್ತದೆ, ಮುಪ್ಪಿನ ತಂದೆತಾಯಿ ಕಣ್ಣೆದುರಿಗಿರುತ್ತಾರೆ. ಸಂಬಳದ ಅಂಕಿಯನ್ನಷ್ಟೇ ನೋಡದೆ, ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದೆಷ್ಟು ಎಂದು ನೋಡಬೇಕು.

'ದೂರದ ಬೆಟ್ಟ ನುಣ್ಣಗೆ' ಎಂಬ ಮಾತು ಎರಡು ಕಡೆಗೂ ಸಲ್ಲುತ್ತದೆ. ಹುಚ್ಚರಾಯಸ್ವಾಮಿಯ ಜಾತ್ರೆಯ ದಿನ ಶಿಕಾರಿಪುರವನ್ನು ನೋಡಿ ಮನಸ್ಸು ಮಾಡಕೂಡದು. ಆಷಾಢದ ಮಳೆಯಲ್ಲಿ ಒಂದು ತಿಂಗಳು ಇದ್ದು ನೋಡಬೇಕು. ನಾನು ಬಲ್ಲ ಕೆಲಸಕ್ಕೆ ಇಲ್ಲಿ ಗಿರಾಕಿಯುಂಟೆ? ಆ ಕೆಲಸ ತಪ್ಪಿದರೆ ಇನ್ನೊಂದುಂಟೆ? ನನ್ನೊಡನೆ ಬರುವವರಿಗೂ ಇದು ಒಪ್ಪಿಗೆಯೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ ತೀರ್ಮಾನಿಸಿದರೆ ಸಾಕು.

ನನ್ನ ಮಟ್ಟಿಗೆ ಹೇಳುವುದಾದರೆ, ಬಿ.ಎಡ್. ಮುಗಿಯುವವರೆಗೆ ದೊಡ್ಡ ಊರಿನಲ್ಲಿರುವೆನು. ಬಳಿಕ ಸೊರಬದ ಕಡೆ ಶಾಲೆಯೊಂದರಲ್ಲಿ ಕೆಲಸ ದೊರೆತರೆ ಸಂತೋಷದಿಂದ ಹೋಗುವೆನು. ಅಲ್ಲಿಯೂ ಮನೆತನದಲ್ಲಿ ಮೊದಲ ಬಾರಿಗೆ ಓದುತ್ತಿರುವ ಮಕ್ಕಳಿದ್ದಾರೆ. ಓದಿದ್ದೇಕೆಂಬ ಮನೆಯವರ ಪ್ರಶ್ನೆಗೆ ಈಗ ನನ್ನಲ್ಲಿರುವ ಉತ್ತರ ಇದು.