ಕಳ್ಳನ ಕೈಯಲ್ಲಿ ಮತ್ತಿನ ಗಾಳಿಯಿಲ್ಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯಲ್ಲಿ ಹೊಲದಲ್ಲಿ ತರುಬಿದ ಮಂದೆಯಿಂದ ರಾತ್ರೋರಾತ್ರಿ ಹತ್ತಾರು ಕುರಿಗಳು ಕಾಣೆಯಾದಾಗಲಾಗಲಿ, ಊರಿನಿಂದ ದೂರವಿರುವ ತೋಟದ ಮನೆಯ ಪೆಟ್ಟಿಗೆ ಬರಿದಾದಾಗಲಾಗಲಿ, ಬೆಳಗ್ಗೆ ಸೇರಿದ ಜನರ ಬಾಯಿಂದ ಹೊರಡುವ ಮೊದಲ ವಿವರಣೆ ಒಂದೇ ಆಗಿರುತ್ತದೆ: ಕಳ್ಳರು ಮತ್ತು ಬರಿಸುವ ಔಷಧವನ್ನು ಗಾಳಿಯಲ್ಲಿ ಸಿಂಪಡಿಸಿದರು, ಮಲಗಿದ್ದವರೆಲ್ಲ ಪ್ರಜ್ಞೆ ತಪ್ಪಿದರು, ನಾಯಿಯೂ ಬೊಗಳಲಿಲ್ಲ. ಹಿಂದಿನ ತಲೆಮಾರು ಇದನ್ನೇ ಮಂಕುಬೂದಿ ಎರಚಿದರೆಂದು ಹೇಳುತ್ತಿತ್ತು. ಈಗಿನವರು ಬೂದಿಯನ್ನು ಬಿಟ್ಟು ‘ಸ್ಪ್ರೇ’ ಹಿಡಿದಿದ್ದಾರೆ. ಕಥೆಯ ಉಡುಪು ಬದಲಾಯಿತೇ ಹೊರತು ಅದರ ಶರೀರ ಬದಲಾಗಲಿಲ್ಲ. ಅಕ್ಷರ ಬಾರದ ಮುದುಕರು ಇದನ್ನು ನಂಬಿದರೆ ನನಗೆ ಆಶ್ಚರ್ಯವಿಲ್ಲ; ರಸಾಯನಶಾಸ್ತ್ರದಲ್ಲಿ ಪದವಿ ಪಡೆದವರೂ, ಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುವವರೂ ತಲೆದೂಗುತ್ತ ಇದನ್ನೇ ಅನುಮೋದಿಸುವುದನ್ನು ಮತ್ತೆ ಮತ್ತೆ ಕೇಳಿದ ಮೇಲೆ ಸುಮ್ಮನಿರುವುದು ನನ್ನಿಂದ ಆಗದ ಕೆಲಸವಾಗಿದೆ.

ಈ ನಂಬಿಕೆ ನಮ್ಮ ನಾಲ್ಕು ತಾಲ್ಲೂಕುಗಳ ಸ್ವಂತ ಸೊತ್ತೂ ಅಲ್ಲ. ಬ್ರಿಟನ್ನಿನ ಕಾಲುವೆಗಳಲ್ಲಿ ಕಿರಿದಾದ ದೋಣಿಗಳನ್ನೇ ಮನೆಯಾಗಿ ಮಾಡಿಕೊಂಡು ವರ್ಷವಿಡೀ ವಾಸಿಸುವವರು, ಹಾಯಿದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಸಂಚರಿಸುವವರು, ಯುರೋಪಿನ ಹೆದ್ದಾರಿಗಳ ಅಂಚಿನಲ್ಲಿ ವಾಹನದೊಳಗೇ ರಾತ್ರಿ ಕಳೆಯುವವರು ಇವರೆಲ್ಲರೂ, ಕಳ್ಳರು ಕಿಟಕಿಯ ಸಂದಿಯಿಂದ ಅನಿಲವನ್ನು ಹರಿಸಿ ತಮ್ಮನ್ನು ಮಲಗಿಸಿ ದೋಚುತ್ತಾರೆಂದು ದೀರ್ಘಕಾಲದಿಂದ ಹೇಳಿಕೊಂಡು ಬಂದಿದ್ದಾರೆ. ನೀರಿನ ಮೇಲಿನ ಹಲಗೆಯ ಗೂಡಾಗಲಿ, ನಮ್ಮ ಕುರಿಗಾಹಿಯ ಕಂಬಳಿ ಮತ್ತು ಬಲೆಯ ಬೇಲಿಯಾಗಲಿ, ಗಟ್ಟಿ ಗೋಡೆಯೂ ನೆರೆಮನೆಯೂ ಇಲ್ಲದೆ ಕತ್ತಲೆಯಲ್ಲಿ ಮಲಗುವವನಿಗೆ ಭಯ ಒಂದೇ. ಭಯ ಒಂದೇ ಆದುದರಿಂದ ಕಥೆಯೂ ಒಂದೇ. ಬ್ರಿಟನ್ನಿನ ಅರಿವಳಿಕೆ ವೈದ್ಯರ ರಾಯಲ್ ಕಾಲೇಜು ಈ ವಿಷಯದಲ್ಲಿ ಬಹಿರಂಗವಾದ ಹೇಳಿಕೆಯನ್ನೇ ಹೊರಡಿಸಿ, ಮಲಗಿದವರಿಗೆ ಅರಿವಾಗದಂತೆ ಹೊರಗಿನಿಂದ ಅನಿಲ ಬಿಟ್ಟು ಪ್ರಜ್ಞೆ ತಪ್ಪಿಸುವುದು ನಂಬಲಾಗದ ಮಾತೆಂದು ಹೇಳಬೇಕಾಯಿತು.

ಏಕೆ ನಂಬಲಾಗದು? ಜನರ ಬಾಯಲ್ಲಿ ಸದಾ ಇರುವ ಕ್ಲೋರೋಫಾರ್ಮನ್ನೇ ತೆಗೆದುಕೊಳ್ಳೋಣ. ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ 1847ರಲ್ಲಿ ಇದನ್ನು ಅರಿವಳಿಕೆಯಾಗಿ ಬಳಕೆಗೆ ತಂದನು. ಚಲನಚಿತ್ರಗಳಲ್ಲಿ ಕರವಸ್ತ್ರವನ್ನು ಮೂಗಿಗೆ ಒತ್ತಿದೊಡನೆ ಮನುಷ್ಯ ಕುಸಿಯುತ್ತಾನೆ; ವಾಸ್ತವದಲ್ಲಿ ಅಂಥ ಸ್ಥಿತಿ ಬರಲು ನಿಮಿಷಗಳು ಬೇಕು, ಆ ನಿಮಿಷಗಳುದ್ದಕ್ಕೂ ಆವಿಯನ್ನು ಎಡೆಬಿಡದೆ ಉಸಿರಾಡಿಸಬೇಕು, ಉಸಿರಾಡುವ ಗಾಳಿಯಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ನೂರಕ್ಕೆ ಒಂದೂವರೆ ಭಾಗವಾದರೂ ಇರಬೇಕು. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಒಂದು ಸಾಧಾರಣ ಕೋಣೆಯ ಗಾಳಿಯನ್ನು ಈ ಮಟ್ಟಕ್ಕೆ ತರಲು ಒಂದೂವರೆ ಲೀಟರಿಗೂ ಮೀರಿದ ದ್ರವ ಪೂರ್ತಿಯಾಗಿ ಆವಿಯಾಗಬೇಕೆಂಬುದು ಕಾಗದದ ಮೇಲೆ ಯಾರೂ ಮಾಡಬಹುದಾದ ಲೆಕ್ಕ. ಅದೂ ಕೋಣೆ ಗಾಳಿಯಾಡದಂತೆ ಮುಚ್ಚಿದ್ದರೆ ಮಾತ್ರ. ಹೆಂಚಿನ ಸಂದುಗಳಿಂದಲೂ ಬಾಗಿಲಿನ ಕೆಳಗಿನಿಂದಲೂ ಗಾಳಿ ಓಡಾಡುವ ನಮ್ಮ ಮನೆಗಳಲ್ಲಿ ಇದು ಎಷ್ಟು ಹೊತ್ತು ನಿಂತೀತು? ಕ್ಲೋರೋಫಾರ್ಮ್ ಕುದಿಯುವುದು ಸುಮಾರು 61 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಾದುದರಿಂದ, ನೆಲದ ಮೇಲೆ ಚೆಲ್ಲಿದ ಮಾತ್ರಕ್ಕೆ ಅದೆಲ್ಲವೂ ಕ್ಷಣದಲ್ಲಿ ಗಾಳಿಯಾಗಿಬಿಡುವುದೂ ಇಲ್ಲ. ಇಷ್ಟೆಲ್ಲ ಆದರೂ, ಪೆಟ್ಟಿಗೆಯನ್ನು ಒಡೆಯಲು ಒಳಗೆ ಬರುವ ಕಳ್ಳನು ಅದೇ ಗಾಳಿಯನ್ನು ಉಸಿರಾಡಬೇಕಷ್ಟೆ! ಇನ್ನು ನಾಲ್ಕು ದಿಕ್ಕೂ ತೆರೆದಿರುವ ಹೊಲದ ನಡುವೆ, ಬಲೆಯೊಂದನ್ನೇ ಗೋಡೆಯಾಗಿ ಹೊಂದಿರುವ ಮಂದೆಯ ಬಳಿ ಇಂಥ ಔಷಧವನ್ನು ಸಿಂಪಡಿಸಿದರೆ, ಟ್ಯಾಂಕರಿನಷ್ಟು ಚೆಲ್ಲಿದರೂ ಪಾವಗಡದ ಬೀಸುಗಾಳಿ ಅದನ್ನು ಬೆಟ್ಟದಾಚೆ ಒಯ್ಯುವುದು.

ಈ ವಾದವೂ ಇಂದಿನದಲ್ಲ. ಸಿಂಪ್ಸನ್ನನ ಪ್ರಯೋಗದ ನಂತರ ಕೆಲವೇ ವರ್ಷಗಳಲ್ಲಿ ಲಂಡನ್ನಿನಲ್ಲಿ ಕ್ಲೋರೋಫಾರ್ಮ್ ದರೋಡೆಯ ಕಥೆಗಳು ಹಬ್ಬಿ, ಅದನ್ನು ತಡೆಯಲು ಶಾಸನದಲ್ಲಿ ಒಂದು ವಿಧಿಯನ್ನೇ ಸೇರಿಸಲು ಹೊರಟಾಗ, ಅರಿವಳಿಕೆಯ ವಿಷಯದಲ್ಲಿ ಆ ಕಾಲದ ಅಗ್ರಗಣ್ಯ ವೈದ್ಯನಾಗಿದ್ದ ಜಾನ್ ಸ್ನೋ 1851ರಲ್ಲಿ ಮುಖ್ಯ ನ್ಯಾಯಾಧೀಶರಾದ ಲಾರ್ಡ್ ಕ್ಯಾಂಬೆಲ್ಲರಿಗೆ ಪತ್ರವೊಂದನ್ನು ಪ್ರಕಟಿಸಿ, ಆ ಕಥೆಗಳಲ್ಲಿ ಹೇಳುವಂತೆ ತತ್‌ಕ್ಷಣ ಪ್ರಜ್ಞೆ ತಪ್ಪಿಸುವುದು ಸಾಧ್ಯವಿಲ್ಲವೆಂದು ವಿವರಿಸಿದನು. ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿಕೊಟ್ಟ ಮಹನೀಯನು ಇವನೇ. ಒಂದೂಮುಕ್ಕಾಲು ಶತಮಾನ ಕಳೆದರೂ ಆತನ ವಿವೇಚನೆ ನಮ್ಮ ಹಟ್ಟಿಗಳನ್ನು ತಲಪಲಿಲ್ಲ. ಅನಿಲದಿಂದ ಜನಸಮೂಹವನ್ನು ನಿಜವಾಗಿ ಮಲಗಿಸಹೊರಟರೆ ಏನಾಗುತ್ತದೆಂಬುದಕ್ಕೆ 2002ರ ಅಕ್ಟೋಬರ್ ತಿಂಗಳ ಮಾಸ್ಕೋ ನಾಟಕಶಾಲೆಯ ದುರಂತವೇ ಸಾಕ್ಷಿ: ಒತ್ತೆಯಾಳುಗಳನ್ನು ಬಿಡಿಸಲು ಒಂದು ಬಲಿಷ್ಠ ರಾಷ್ಟ್ರದ ಸೈನಿಕ ಪಡೆ, ಸರ್ಕಾರದ ಸಕಲ ಸಾಧನಗಳೊಂದಿಗೆ, ಕಟ್ಟಡದ ವಾಯುಮಾರ್ಗಗಳ ಮೂಲಕ ಮತ್ತಿನ ಅನಿಲವನ್ನು ಹರಿಸಿತು, ಸುಮಾರು 130 ಮಂದಿ ಒತ್ತೆಯಾಳುಗಳು ಸತ್ತರು, ಅವರಲ್ಲಿ ಬಹುತೇಕರನ್ನು ಕೊಂದುದು ಆ ಅನಿಲವೇ. ನಿದ್ರೆಗೂ ಮರಣಕ್ಕೂ ನಡುವಿನ ಅಳತೆಯನ್ನು ಹಿಡಿಯಲು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ತಜ್ಞವೈದ್ಯನೊಬ್ಬನು ರೋಗಿಯ ತಲೆಯ ಬಳಿಯೇ ಕುಳಿತಿರಬೇಕಾಗುತ್ತದೆ. ಆ ವಿದ್ಯೆಯು ಕುರಿಕಳ್ಳನ ಜೇಬಿನಲ್ಲಿರುವುದಾದರೆ ಅವನು ಕುರಿ ಕದಿಯುವ ಅಗತ್ಯವೇ ಬೀಳದು.

ಹಾಗಾದರೆ ಎಚ್ಚರವಾಗಲಿಲ್ಲವೇಕೆ ಎಂಬ ಪ್ರಶ್ನೆ ಉಳಿಯುತ್ತದೆ, ಉತ್ತರ ಸರಳ. ಹಗಲೆಲ್ಲ ಬಿಸಿಲಿನಲ್ಲಿ ಮಂದೆಯ ಹಿಂದೆ ಅಲೆದವನ ನಿದ್ರೆ, ಮುಖ್ಯವಾಗಿ ಇರುಳಿನ ಮೊದಲ ಭಾಗದಲ್ಲಿ, ಗಾಢವಾಗಿರುತ್ತದೆ. ಮಕ್ಕಳಂತೂ ಬೆಂಕಿಯ ಎಚ್ಚರಿಕೆಯ ಗಂಟೆ ತಲೆಯ ಮೇಲೆ ಮೊಳಗಿದರೂ ಏಳದಿರುವುದು ಪರೀಕ್ಷೆಗಳಿಂದ ತಿಳಿದುಬಂದ ಸಂಗತಿ. ಹಿಡಿದಾಗ ಮೇಕೆ ಕೂಗುತ್ತದೆ. ಕುರಿ ಬಹುಮಟ್ಟಿಗೆ ಮೂಕವಾಗಿರುತ್ತದೆ. ಕಳ್ಳನು ಪರಿಚಿತನಾಗಿದ್ದರೆ ನಾಯಿ ಬೊಗಳುವುದೇ ಇಲ್ಲ. ಅಪರಿಚಿತನಾದರೆ ಮಾಂಸದ ತುಂಡಿನಲ್ಲಿ ವಿಷವಿಟ್ಟು ಅದರ ಬಾಯಿ ಮುಚ್ಚಿಸಿರುತ್ತಾನೆ. ಬೆಳಗ್ಗೆ ತಲೆನೋವು ಬಂದಿತೆಂಬುದನ್ನು ಸಾಕ್ಷಿಯಾಗಿ ಹೇಳುವವರಿದ್ದಾರೆ. ಜೀವನಾಧಾರವೇ ಕಳುವಾದುದನ್ನು ಕಂಡವನಿಗೆ ತಲೆನೋವು ಬರಲು ಬೇರೆ ಔಷಧ ಬೇಕಿಲ್ಲ.

ಈ ಕಥೆಗೆ ಒಂದು ನಿಜವಾದ ಬೇರುಂಟು, ಅದನ್ನು ಮುಚ್ಚಿಡಬಾರದು. ಮತ್ತು ಗಾಳಿಯಿಂದ ಬಾರದಿದ್ದರೂ ಹೊಟ್ಟೆಯಿಂದ ಬರುತ್ತದೆ. ದಾರಿಹೋಕರಿಗೆ ಉಮ್ಮತ್ತಿಯ ಬೀಜವನ್ನು ಅನ್ನದಲ್ಲಿ ಬೆರೆಸಿ ಉಣಿಸಿ ದೋಚಿದ ಪ್ರಕರಣಗಳು ಕಳೆದ ಶತಮಾನಗಳ ವೈದ್ಯ ಮತ್ತು ನ್ಯಾಯ ದಾಖಲೆಗಳಲ್ಲಿ ತುಂಬಿವೆ. ಇಂದಿಗೂ ರೈಲಿನಲ್ಲಿ ಸ್ನೇಹ ಬೆಳೆಸಿ ನಿದ್ರೆಯ ಮಾತ್ರೆ ಬೆರೆಸಿದ ಬಿಸ್ಕತ್ತನ್ನೋ ಚಹಾವನ್ನೋ ಕೊಡುವವರಿದ್ದಾರೆ. ಅದನ್ನು ಶಿಕ್ಷಿಸಲು 1860ರ ದಂಡಸಂಹಿತೆಯ 328ನೆಯ ಕಲಮು ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 123ನೆಯ ಕಲಮು ಇದೆ. ಅಪರಿಚಿತರು ಕೊಟ್ಟುದನ್ನು ತಿನ್ನಬೇಡಿರೆಂಬ ಹಿರಿಯರ ಮಾತು ಸತ್ಯ. ಗಾಳಿಗೆ ಹೆದರುವ ನಾವು ತಟ್ಟೆಗೆ ಹೆದರುವುದಿಲ್ಲ.

ಇದಕ್ಕಿಂತ ಖೇದಕರವಾದುದೆಂದರೆ, ಮಲಗಿದವನನ್ನು ಎಚ್ಚರಿಸದೆ ಕೊಲ್ಲುವ ಒಂದು ಅನಿಲ ನಿಜವಾಗಿಯೂ ಇರುವುದು, ಅದನ್ನು ಕಳ್ಳನಲ್ಲ, ನಾವೇ ಒಳಗೆ ತರುವುದು. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದಲ್ಲಿನ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಾಗಿಯ ಚಳಿಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನು ಒಳಗಿಟ್ಟು ಕಳ್ಳನ ಭಯದಿಂದ ಕಿಟಕಿಗಳನ್ನೆಲ್ಲ ಭದ್ರಪಡಿಸಿ ಮಲಗುವವರೂ, ರೇಷ್ಮೆಹುಳುವಿನ ಮನೆಯಲ್ಲಿ ಶಾಖಕ್ಕಾಗಿ ಹಚ್ಚಿದ ಇದ್ದಿಲೊಲೆಯ ಪಕ್ಕದಲ್ಲೇ ಚಾಪೆ ಹಾಸುವವರೂ ಇದನ್ನು ತಿಳಿದಿರಬೇಕು. ದೋಣಿವಾಸಿಗಳು ಈ ಪಾಠವನ್ನು ಕಲಿತಿದ್ದಾರೆ: ಒಲೆ, ಎಂಜಿನ್ನುಗಳಿಂದ ಸಾವುಗಳಾದ ಮೇಲೆ, ಬ್ರಿಟನ್ನಿನ ಒಳನಾಡಿನ ಜಲಮಾರ್ಗಗಳ ದೋಣಿ ಸುರಕ್ಷಾ ನಿಯಮವು 2019ರ ಏಪ್ರಿಲ್ 1ರಿಂದ ಮಲಗುವ ವ್ಯವಸ್ಥೆಯುಳ್ಳ ದೋಣಿಗಳಲ್ಲಿ ಈ ಅನಿಲವನ್ನು ಸೂಚಿಸುವ ಎಚ್ಚರಿಕೆಯ ಗಂಟೆಯನ್ನು ಕಡ್ಡಾಯಗೊಳಿಸಿತು. ಇಲ್ಲದ ಅನಿಲಕ್ಕೆ ಅಂಜಿ ಇರುವ ಅನಿಲವನ್ನು ಮಗ್ಗುಲಲ್ಲಿಟ್ಟುಕೊಳ್ಳುವುದಕ್ಕಿಂತ ದೊಡ್ಡ ಅವಿವೇಕವುಂಟೆ?

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಕಳ್ಳರು ಅಮಾವಾಸ್ಯೆಯಲ್ಲಿಯೇ ಬರುವರೆಂಬುದು ಸುಳ್ಳು. ಅವರು ಬರುವುದು ನಾವು ಮದುವೆಗೋ ಜಾತ್ರೆಗೋ ಹೋದಾಗ. ರಾತ್ರಿಯಿಡೀ ಉರಿಯುವ ದೀಪ ಕಾವಲುಗಾರನಲ್ಲ. ನೋಡುವವರಿಲ್ಲದ ಕಡೆ ಅದು ಕಳ್ಳನಿಗೂ ಬೆಳಕೇ. ಕ್ಯಾಮೆರಾ ಕಳ್ಳನನ್ನು ಹಿಡಿಯುವುದಿಲ್ಲ, ಅವನು ಬಂದುದನ್ನು ಬರೆದಿಡುತ್ತದೆ, ಅಷ್ಟೆ. ಬೆಂಕಿ ಹಾಕಿದ ಮಾತ್ರಕ್ಕೆ ಚಿರತೆ ಬಾರದೆಂದು ರೊಪ್ಪದ ಬೇಲಿಯನ್ನು ಹರಕಾಗಿ ಬಿಡುವುದೂ ಸಲ್ಲದು.

ಪರಿಹಾರಗಳು ಅದ್ಭುತವೇನೂ ಅಲ್ಲ. ಎಚ್ಚರಿಕೆಯ ಸಾಧನವು ಕಳ್ಳನು ಒಳಗೆ ಬಂದ ಮೇಲಲ್ಲ, ಅಂಚನ್ನು ದಾಟುವಾಗಲೇ ಕೂಗಬೇಕು. ದೋಣಿಯವರು ಮೇಲ್ಬಾಗಿಲಿಗೆ ಅಯಸ್ಕಾಂತದ ಸ್ವಿಚ್ಚನ್ನೂ ಹತ್ತುವ ಜಾಗದಲ್ಲಿ ತುಳಿದರೆ ಮೊಳಗುವ ಚಾಪೆಯನ್ನೂ ಇಡುವುದು ಈ ಕಾರಣದಿಂದಲೇ. ದೇಹದ ಶಾಖವನ್ನು ಗುರುತಿಸುವ ಸಂವೇದಕವನ್ನು ಮಂದೆಯ ಕಡೆಗೆ ತಿರುಗಿಸಿದರೆ ಕುರಿಗಳ ಮಿಸುಕಾಟಕ್ಕೇ ಇರುಳೆಲ್ಲ ಕೂಗಿ, ಮೂರನೆಯ ದಿನ ಬೇಸತ್ತ ಯಜಮಾನನಿಂದಲೇ ಆರಿಸಲ್ಪಡುವುದು. ಅದನ್ನು ಹೊರಮುಖವಾಗಿ, ವಾಹನ ಬಂದು ನಿಲ್ಲಬಹುದಾದ ದಾರಿಯತ್ತ ತಿರುಗಿಸಬೇಕು. ಬಲೆಯ ಸುತ್ತ ಮೊಣಕಾಲೆತ್ತರಕ್ಕೆ ದಾರ ಕಟ್ಟಿ ಅದಕ್ಕೆ ತಗಡಿನ ಡಬ್ಬಗಳನ್ನು ತೂಗುಹಾಕುವುದು ವಿದ್ಯುತ್ತಿಲ್ಲದ ಹೊಲದಲ್ಲಿ ಯಾವ ಯಂತ್ರಕ್ಕೂ ಕಡಿಮೆಯಲ್ಲ. ಮಂದೆಯಲ್ಲಿ ನಾಲ್ಕಾರು ಮೇಕೆಗಳಿರಲಿ, ಕೊರಳಲ್ಲಿ ಗಂಟೆಯಿರಲಿ. ನಾಯಿ ಒಂದಕ್ಕೆ ಎರಡಿರಲಿ, ಯಜಮಾನನ ಕೈಯಿಂದಲ್ಲದೆ ತಿನ್ನದಂತೆ ಪಳಗಲಿ. ಇಬ್ಬರು ಮಲಗುವಲ್ಲಿ ಒಬ್ಬನು ಸರದಿಯಂತೆ ಎಚ್ಚರವಾಗಿರಲಿ. ಕೊಳವೆಬಾವಿಯ ಕೇಬಲ್ ಕತ್ತರಿಸುವವರ ವಿರುದ್ಧ, ತಂತಿ ತುಂಡಾದೊಡನೆ ದೂರವಾಣಿಗೆ ಕರೆ ಕಳಿಸುವ ಮೊಬೈಲ್ ಸ್ಟಾರ್ಟರುಗಳು ಬಂದಿವೆ. ಇವೆಲ್ಲದರ ಮೇಲೆ, ಕೂಗಿದಾಗ ಬರುವ ನೆರೆಯವನು ಬೇಕು, 112ಕ್ಕೆ ಕರೆ ಮಾಡುವ ತಿಳಿವಳಿಕೆ ಬೇಕು. ಹಿಂದೆ ಊರಿನ ತಳವಾರನಿಗೆ ಇರುಳ ಗಸ್ತಿನ ಹೊಣೆಯಿತ್ತು. ಕಳುವಾದರೆ ಹೆಜ್ಜೆಯ ಜಾಡನ್ನು ಹಿಡಿದು ಹೋಗಬೇಕೆಂಬ, ಪತ್ತೆಯಾಗದಿದ್ದರೆ ತಾನೇ ತೆರಬೇಕೆಂಬ ಕಟ್ಟಳೆಯೂ ಹಲವೆಡೆ ಇತ್ತು. ಹೆಜ್ಜೆಯ ಗುರುತನ್ನು ಹುಡುಕಹೊರಟವನಿಗೆ ಮಂಕುಬೂದಿಯ ಕಥೆ ಪ್ರಯೋಜನಕ್ಕೆ ಬರುವುದಿಲ್ಲ.

ಮತ್ತಿನ ಗಾಳಿಯ ಕಥೆಯ ಮೇಲೆ ನನಗಿರುವ ಕೋಪದ ಮೂಲ ಇಲ್ಲಿಯೇ ಇದೆ. ಅದು ನಿರಪಾಯಕರವಾದ ಅಜ್ಜಿಕಥೆಯಲ್ಲ. ಕಳ್ಳನನ್ನು ಮಾಯಾವಿಯನ್ನಾಗಿ ಮಾಡಿದ ಮೇಲೆ ಬೀಗ ಹಾಕುವುದೂ ವ್ಯರ್ಥ, ಕಾವಲೂ ವ್ಯರ್ಥ. ಪರಿಚಿತನ ಮೇಲೆ ಬರಬೇಕಾದ ಸಂಶಯ ಅಪರಿಚಿತನ ಮೇಲೆ ಹರಿಯುತ್ತದೆ. ಬಟ್ಟೆ ಮಾರುವವನು, ಬೂದಿ ಬಳಿದ ಭಿಕ್ಷುಕ, ಊರಾಚೆ ಗುಡಾರ ಹಾಕಿದ ಅಲೆಮಾರಿ ಇವರೇ ಮೊದಲು ಹೊಡೆತ ತಿನ್ನುವವರು. ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿ ಮಾಡಿದ, 1871ರಲ್ಲಿ ಮೊದಲು ಬಂದ ಕಾಯಿದೆಯನ್ನು ಸ್ವತಂತ್ರ ಭಾರತವು 1952ರಲ್ಲಿ ರದ್ದುಪಡಿಸಿತು. ನಮ್ಮ ಮನಸ್ಸಿನಿಂದ ಅದು ರದ್ದಾಗಲಿಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ದೂರವಾಣಿಯ ಸಂದೇಶವನ್ನು ನಂಬಿದ ಜನ ಹೈದರಾಬಾದಿನಿಂದ ಬಂದಿದ್ದ ಯುವ ತಂತ್ರಜ್ಞನೊಬ್ಬನನ್ನು ಹೊಡೆದು ಕೊಂದರು. ‘ಸ್ಪ್ರೇ’ ಸುದ್ದಿಯನ್ನು ಯಾವ ವೈದ್ಯನನ್ನೂ ಕೇಳದೆ ಅಚ್ಚುಹಾಕುವ ಪತ್ರಿಕೆಯೂ, ಪರೀಕ್ಷಿಸದೆ ಮುಂದಕ್ಕೆ ಕಳಿಸುವ ಕೈಯೂ ಇಂಥ ಪಾಪಕ್ಕೆ ನೆಲ ಹದಮಾಡುತ್ತವೆ.

ಮಧುಗಿರಿಯ ನೆರೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿಯೊಂದನ್ನು ರಚಿಸಿ ನಾಡಿನ ಕೋಪವನ್ನೂ ಎದುರಿಸಿದರು. ಅವರು ದೊಡ್ಡ ಪವಾಡಗಳನ್ನು ಪ್ರಶ್ನಿಸಿದರು; ನಾವು ಈ ಸಣ್ಣ ಪವಾಡವನ್ನಾದರೂ ಪ್ರಶ್ನಿಸಬೇಡವೇ? ಮುಂದೆ ಯಾವುದೇ ಹಟ್ಟಿಯಲ್ಲಿ ಕಳುವಾದ ಬೆಳಗ್ಗೆ ಯಾರಾದರೂ ಮತ್ತಿನ ಗಾಳಿಯ ಮಾತೆತ್ತಿದರೆ, ನೆರೆದವರಲ್ಲಿ ಒಬ್ಬನಾದರೂ ಮುಂದೆ ಬಂದು, ಆ ಔಷಧದ ಹೆಸರೇನು, ಎಷ್ಟು ಸಿಂಪಡಿಸಿದರು, ಸಿಂಪಡಿಸಿದವನಿಗೆ ಮತ್ತೇಕೆ ಬರಲಿಲ್ಲ ಎಂಬ ಮೂರು ಪ್ರಶ್ನೆಗಳನ್ನು ಕೇಳಲಿ. ಉತ್ತರಕ್ಕೆ ಕಾಯದೆ ವಾಹನದ ಚಕ್ರದ ಗುರುತು ಅಳಿಯುವ ಮುನ್ನ ಪೊಲೀಸರನ್ನು ಕರೆಯಲಿ, ವಾರದ ಸಂತೆಗೆ ಯಾರು ಕುರಿ ತಂದರೆಂದು ವಿಚಾರಿಸಲಿ. ಕಳ್ಳನು ಸಾಮಾನ್ಯ ಮನುಷ್ಯನೆಂದು ಒಪ್ಪಿಕೊಂಡ ಊರಿನಲ್ಲಿ ಮಾತ್ರ ಕಳ್ಳನು ಸಿಕ್ಕಿಬೀಳುತ್ತಾನೆ.